ಬೇಸ್‌ಮೆಂಟಿನಲ್ಲಿ ಸಿಕ್ಕ ಒಡೆಯದ ಕಾರ್ಡ್ ಪ್ಯಾಕ್‌ಗಳು: ಎಲ್ಲಿಡಬೇಕು, ಹೇಗಿಡಬೇಕು?

ಪ್ರಶ್ನೆ

ನಮ್ಮದು ಉಡುಪಿ. 1983ರಿಂದ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಇದ್ದೇವೆ. ಮಕ್ಕಳು ಬೇರೆ ಬೇರೆ ಊರು ಸೇರಿದ್ದರಿಂದ ಈ ಮನೆ ಮಾರಿ ಚಿಕ್ಕದೊಂದಕ್ಕೆ ಹೋಗುವ ತಯಾರಿಯಲ್ಲಿದ್ದೇವೆ. ಬೇಸ್‌ಮೆಂಟ್ ಖಾಲಿ ಮಾಡುವಾಗ ಮಗ ಚಿಕ್ಕವನಿದ್ದಾಗ ಕೂಡಿಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಫ್ಲೀರ್, ಟಾಪ್ಸ್, ಅಪ್ಪರ್ ಡೆಕ್ ಎಂಬ ಕಂಪನಿಗಳ, ಇನ್ನೂ ಒಡೆಯದ ಕ್ರೀಡಾ ಕಾರ್ಡಿನ (ಆಟಗಾರರ ಚಿತ್ರವಿರುವ ಕಾರ್ಡಿನ) ಪ್ಯಾಕ್‌ಗಳಿವೆ. 1986ರ ಫ್ಲೀರ್ ಬ್ಯಾಸ್ಕೆಟ್‌ಬಾಲ್ ಮೂರು ಪ್ಯಾಕ್, 1981ರ ಟಾಪ್ಸ್ ಅಮೆರಿಕನ್ ಫುಟ್‌ಬಾಲ್ ಪಾರದರ್ಶಕ ಹಾಳೆಯ ಪ್ಯಾಕ್ ಎರಡು, 1987ರ ಟಾಪ್ಸ್ ಬೇಸ್‌ಬಾಲ್ ಇಡೀ ಡಬ್ಬಿ ಒಂದು, 1989ರ ಅಪ್ಪರ್ ಡೆಕ್ ಬೇಸ್‌ಬಾಲ್ ಡಬ್ಬಿ ಒಂದು. "ಅಮ್ಮ, ಏನೂ ಮುಟ್ಟಬೇಡ, ಇದ್ದ ಹಾಗೇ ಇರಲಿ" ಎನ್ನುತ್ತಾನೆ ಮಗ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಲೇ? ಬ್ಯಾಂಕ್ ಲಾಕರ್ ಒಳ್ಳೆಯದೇ? ಗ್ರೇಡಿಂಗಿಗೆ, ಅಂದರೆ ಪರೀಕ್ಷಿಸಿ ದರ್ಜೆ ಹಾಕಿಸಲು, ಕಳಿಸಬೇಕೇ? ವರ್ಷಕ್ಕೆ ಆರು ತಿಂಗಳು ಉಡುಪಿಯಲ್ಲಿ ಇರುವ ಯೋಚನೆ ಇದೆ, ಅಲ್ಲಿಗೆ ಒಯ್ಯಬಹುದೇ?

ಉತ್ತರ

ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿ. ಪ್ಯಾಕ್ ಒಡೆಯಬೇಡಿ. ಆದರೆ ಇದ್ದ ಹಾಗೇ, ಇದ್ದ ಜಾಗದಲ್ಲೇ ಬಿಡುವುದು ಬೇಡ. ಬೇಸ್‌ಮೆಂಟಿನಲ್ಲಿ ಇನ್ನೊಂದು ಬೇಸಿಗೆ ಕಳೆಯುವ ಮೊದಲೇ ಅವನ್ನು ಮೇಲಕ್ಕೆ ತನ್ನಿ.

ಒಂದು ಮಾತು ಮೊದಲೇ ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸುಲಭ. ಬಿಡಿ ಕಾರ್ಡ್ ಇಟ್ಟುಕೊಂಡವರು ಕಾಪಾಡಬೇಕಾದದ್ದು ಕಾರ್ಡನ್ನು. ಒಡೆಯದ ಪ್ಯಾಕ್ ಇಟ್ಟುಕೊಂಡವರು ಕಾಪಾಡಬೇಕಾದದ್ದು ಹೊರಗಿನ ಸುತ್ತುಹಾಳೆಯನ್ನು, ಅದರ ಸೀಲನ್ನು. ಒಳಗೆ ಯಾವ ಕಾರ್ಡಿದೆ ಎಂದು ಯಾರಿಗೂ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಮುಚ್ಚಿದ ಮೇಲೆ ಯಾರೂ ಇದನ್ನು ಬಿಚ್ಚಿಲ್ಲ ಎಂಬ ನಂಬಿಕೆಗೇ ಕೊಳ್ಳುವವರು ದುಡ್ಡು ಕೊಡುತ್ತಾರೆ. ಸೀಲಿನ ಒಂದು ಮೂಲೆ ತಾನಾಗಿ ಎದ್ದರೂ ಆ ನಂಬಿಕೆ ಹೋಯಿತು. ಒಳಗಿನ ಕಾರ್ಡ್ ಹೊಸದರಂತೆ ಇದ್ದರೂ ಪ್ಯಾಕಿನ ಬೆಲೆ ಕುಸಿಯುತ್ತದೆ. ಹಾಗಾಗಿ ಬಿಡಿ ಕಾರ್ಡಿಗೆ ಒಳ್ಳೆಯದಾದ ಎಷ್ಟೋ ಉಪಾಯಗಳು ಪ್ಯಾಕಿಗೆ ಕೆಡುಕು ಮಾಡುತ್ತವೆ.

ನಿಮ್ಮಲ್ಲಿರುವ ನಾಲ್ಕು ಬಗೆಯನ್ನೂ ಒಂದೇ ತೂಕದಲ್ಲಿ ನೋಡಬೇಕಿಲ್ಲ. ಮುಖ್ಯವಾದದ್ದು ಆ ಮೂರು ಫ್ಲೀರ್ ಪ್ಯಾಕ್. ಟಾಪ್ಸ್ ಕಂಪನಿ 1981–82ರ ನಂತರ ಬ್ಯಾಸ್ಕೆಟ್‌ಬಾಲ್ ಕಾರ್ಡ್ ನಿಲ್ಲಿಸಿತ್ತು. 1986ರಲ್ಲಿ ಫ್ಲೀರ್ 132 ಕಾರ್ಡುಗಳ ಸೆಟ್ ತಂದಾಗ ಅದನ್ನು ಕೊಂಡವರು ಕಡಿಮೆ. ಆ ಸೆಟ್ಟಿನ 57ನೇ ಕಾರ್ಡ್ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಮೈಕೆಲ್ ಜೋರ್ಡಾನ್‌ದು. ಪ್ಯಾಕಿಗೆ 12 ಕಾರ್ಡ್, ಒಂದು ಸ್ಟಿಕರ್, ಒಂದು ಬಬಲ್‌ಗಮ್ ತುಂಡು. ಇಂದು ಅಸಲಿ ಎಂದು ಖಾತ್ರಿಯಾದ ಒಂದೊಂದು ಪ್ಯಾಕಿಗೂ ಸಾವಿರಾರು ಡಾಲರ್ ಬೆಲೆ. 1981ರ ಫುಟ್‌ಬಾಲ್ ಸೆಟ್ಟಿನಲ್ಲಿ ಹೆಸರಾಂತ ಆಟಗಾರ ಜೋ ಮೊಂಟಾನಾನ ರೂಕಿ ಕಾರ್ಡ್, ಅಂದರೆ ಆಟಗಾರನಾಗಿ ಅವನ ಮೊದಲ ಕಾರ್ಡ್, ಇದೆ. ಆ ಎರಡು ಪ್ಯಾಕ್ ಎರಡನೇ ಸಾಲಿಗೆ ಬರುತ್ತವೆ. 1987ರ ಟಾಪ್ಸ್ ಮತ್ತು 1989ರ ಅಪ್ಪರ್ ಡೆಕ್, ಹವ್ಯಾಸಿಗಳು ಜಂಕ್ ವ್ಯಾಕ್ಸ್ ಎಂದು ಕರೆಯುವ ಕಾಲದವು. ಆಗ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು, ಜನ ಡಬ್ಬಿಗಟ್ಟಲೆ ಕೊಂಡು ಒಡೆಯದೆ ಇಟ್ಟರು. ಅಪ್ಪರ್ ಡೆಕ್ ಡಬ್ಬಿಗೆ ಬೇಸ್‌ಬಾಲ್ ತಾರೆ ಕೆನ್ ಗ್ರಿಫಿ ಜೂನಿಯರ್‌ನ ಒಂದನೇ ನಂಬರಿನ ಕಾರ್ಡಿನಿಂದ ಸ್ವಲ್ಪ ಬೆಲೆಯಿದೆ. ಮರದ ಗೆರೆಯ ಅಂಚಿನ 1987ರ ಟಾಪ್ಸ್ ಈಗಲೂ ಅಗ್ಗ. ಅದನ್ನೂ ಚೆನ್ನಾಗಿ ಇಡಿ, ಆದರೆ ಅದಕ್ಕಾಗಿ ದುಬಾರಿ ಕವಚ ಕೊಳ್ಳಬೇಡಿ.

ಈಗ ಒಂದು ಫ್ಲೀರ್ ಪ್ಯಾಕನ್ನು ಮೇಜಿನ ಮೇಲೆ ಮೆತ್ತನೆಯ ಬಿಳಿ ಬಟ್ಟೆ ಹಾಸಿ ಬೆನ್ನು ಮೇಲಾಗಿ ಇಡಿ. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡಿರಬೇಕು. ತಲೆಗೆ ಎಣ್ಣೆ ಹಚ್ಚಿದ ದಿನ ಈ ಕೆಲಸ ಬೇಡ, ಎಣ್ಣೆ ಕೈಯ ಗುರುತು ಕಾಗದದಲ್ಲಿ ಉಳಿದುಬಿಡುತ್ತದೆ. ಹತ್ತಿಯ ಕೈಗವಸಿನ ಎಳೆ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. ಗವಸು ಬೇಕೆಂದರೆ ಆಸ್ಪತ್ರೆಯಲ್ಲಿ ಬಳಸುವ ನೈಟ್ರೈಲ್ ಗವಸು ಹಾಕಿಕೊಳ್ಳಿ.

ಬೆನ್ನಿನಲ್ಲಿ ಹಾಳೆಯ ಒಂದು ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ. ಎರಡೂ ತುದಿಗಳನ್ನು ಒಳಕ್ಕೆ ಮಡಚಿ ಬೆನ್ನಿಗೆ ಒತ್ತಿರುತ್ತಾರೆ. ಇಲ್ಲಿ ಅಂಟು ಹಾಕಿಲ್ಲ. ಕಾಗದಕ್ಕೆ ಸವರಿದ ಮೇಣವನ್ನೇ ಯಂತ್ರ ಬಿಸಿ ಮಾಡಿ ಕ್ಷಣಮಾತ್ರ ಒತ್ತಿ ಬಿಡುತ್ತಿತ್ತು. ಆರಿದಾಗ ಅದೇ ಸೀಲ್. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬೆಳಕು ಪಕ್ಕದಿಂದ ಜಾರುವಂತೆ ಹಿಡಿದರೆ ಒತ್ತಿದ ಜಾಗದಲ್ಲಿ ಮೇಣ ಒಂದೇ ಸಮ ಹೊಳೆಯುವುದು ಕಾಣುತ್ತದೆ. ಯಾರೋ ಬಿಚ್ಚಿ ಮತ್ತೆ ಬಿಸಿ ಮಾಡಿ ಮುಚ್ಚಿದ್ದರೆ ಹೊಳಪು ತೇಪೆ ತೇಪೆಯಾಗಿ ಇರುತ್ತದೆ, ಹಳೆಯ ಮಡಿಕೆಯ ಪಕ್ಕದಲ್ಲೇ ಇನ್ನೊಂದು ಮಡಿಕೆಯ ಗೆರೆ ಇರುತ್ತದೆ, ಅಂಚಿನಲ್ಲಿ ಕಾಗದದ ನಾರು ಎದ್ದಿರುತ್ತದೆ. ನಿಮ್ಮ ಪ್ಯಾಕ್‌ಗಳನ್ನು ಯಾರೂ ಬಿಚ್ಚಿಲ್ಲ ಎಂದು ನಿಮಗೆ ಗೊತ್ತು. ಆದರೂ ಈಗ ಇರುವ ಸ್ಥಿತಿಯನ್ನು ನೋಡಿಟ್ಟುಕೊಂಡರೆ ಮುಂದೆ ಏನಾದರೂ ಬದಲಾದಾಗ ತಿಳಿಯುತ್ತದೆ.

ಸೀಲ್ ಹೇಗೆ ಮಾಡಿದ್ದಾರೆ ಎಂದು ತಿಳಿದರೆ ಅದು ಹೇಗೆ ಕೆಡುತ್ತದೆ ಎಂಬುದೂ ತಿಳಿಯುತ್ತದೆ. ಪ್ಯಾರಾಫಿನ್ ಮೇಣ ಬಗೆಗೆ ತಕ್ಕಂತೆ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೆತ್ತಗಾಗುವುದು ಅದಕ್ಕಿಂತ ಮೊದಲೇ. ಅಮೆರಿಕದ ಮನೆಗಳ ಆಟಿಕ್, ಅಂದರೆ ಛಾವಣಿಯ ಕೆಳಗಿನ ಅಟ್ಟ, ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟಬಲ್ಲದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಇನ್ನೂ ಹೆಚ್ಚು. ಅಷ್ಟು ಬಿಸಿಗೆ ಮೇಣ ಕಾಗದದಿಂದ ಒಸರಿ ಸೀಲಿಗೆ ತಾಗಿಕೊಂಡಿರುವ ಕಾರ್ಡಿನ ಮೇಲೆ ಕಲೆ ಮಾಡುತ್ತದೆ, ಸೀಲ್ ಸಡಿಲವಾಗುತ್ತದೆ.

ತೇವಾಂಶದ ಹಾವಳಿ ಬೇರೆ ಬಗೆಯದು. ಕಾರ್ಡಿನ ರಟ್ಟು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣ ಗಾಳಿಗೆ ಕುಗ್ಗುತ್ತದೆ. ಮೇಣ ಸವರಿದ ಹಾಳೆ ಅದೇ ವೇಗದಲ್ಲಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕೊಲಂಬಸ್‌ನಂಥ ಊರಲ್ಲಿ ಬೇಸಿಗೆಯ ಬೇಸ್‌ಮೆಂಟ್ ಜಿಗಿಜಿಗಿ. ಚಳಿಗಾಲದಲ್ಲಿ ಹೀಟರ್ ಓಡುವಾಗ ಮನೆಯ ಗಾಳಿ ತುಟಿ ಒಡೆಯುವಷ್ಟು ಒಣ. ವರ್ಷವರ್ಷವೂ ಈ ಎಳೆದಾಟ ನಡೆದು ಒಂದು ದಿನ ಮಡಿಕೆಯ ತುದಿ ತಾನಾಗಿ ಏಳುತ್ತದೆ. ಯಾರೂ ಮುಟ್ಟದೆ ಸೀಲ್ ಬಿಟ್ಟ ಪ್ಯಾಕ್‌ಗಳಲ್ಲಿ ಹೆಚ್ಚಿನವು ಹೀಗೆ ಹಾಳಾದವೇ. ತೀರಾ ಹೆಚ್ಚೂ ತೀರಾ ಕಡಿಮೆಯೂ ಬೇಡ ಎಂಬುದು ನಿಜ, ಆದರೆ ಏರಿಳಿತ ಬೇಡ ಎಂಬುದು ಅದಕ್ಕಿಂತ ಮುಖ್ಯ. ಉಷ್ಣತೆ 18ರಿಂದ 21 ಡಿಗ್ರಿ, ತೇವಾಂಶ ಶೇ 40ರಿಂದ 50, ವರ್ಷವಿಡೀ. 22 ಡಿಗ್ರಿಯಲ್ಲಿ ಅಲುಗಾಡದೆ ನಿಂತರೂ ನನಗೆ ಚಿಂತೆಯಿಲ್ಲ. ವಾರದಲ್ಲಿ ಶೇ 30ರಿಂದ 60ಕ್ಕೆ ಜಿಗಿಯುವ ಕೋಣೆಯಾದರೆ ಚಿಂತೆ.

ಬಬಲ್‌ಗಮ್ ಬಗ್ಗೆ ಒಂದು ಮಾತು. ಟಾಪ್ಸ್ ತನ್ನ ಬೇಸ್‌ಬಾಲ್ ಪ್ಯಾಕಿನಲ್ಲಿ 1991ರವರೆಗೆ ಗಮ್ ಇಡುತ್ತಿತ್ತು. ಸಕ್ಕರೆಯ ಆ ತುಂಡು ಈಗ ಗಾಜಿನಂತೆ ಗಡುಸಾಗಿದೆ. ಅದಕ್ಕೆ ತಾಗಿಕೊಂಡ ಕಾರ್ಡಿನಲ್ಲಿ ಕಂದು ಕಲೆ ಆಗಲೇ ಮೂಡಿರಬಹುದು. ಅದನ್ನು ತಡೆಯುವ ಕಾಲ ಮೀರಿದೆ, ಬೇಸರ ಬೇಡ. ಆದರೆ ಪ್ಯಾಕ್ ಕೈಯಿಂದ ಜಾರಿ ಬಿದ್ದರೆ ಅಥವಾ ಮೇಲೆ ಭಾರ ಕೂತರೆ ಗಮ್ ಪುಡಿಯಾಗುತ್ತದೆ, ಅದರ ಚೂಪು ತುಂಡು ಒಳಗಿನಿಂದ ಹಾಳೆಯನ್ನು ಚುಚ್ಚುತ್ತದೆ. ಇರುವೆ, ಜಿರಳೆ, ಇಲಿಗಳಿಗೂ ಅದು ಇನ್ನೂ ಸಕ್ಕರೆಯೇ. ಬೇಸ್‌ಮೆಂಟ್ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಯಾರೂ ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಹಾಗಾದರೆ ಹೊಸ ಮನೆಯಲ್ಲಿ ಎಲ್ಲಿ? ನೀವು ಮಲಗುವ ಕೋಣೆಯ ಬಟ್ಟೆ ಕಪಾಟು. ಅದರ ಗೋಡೆ ಹೊರಗಿನ ಗಾಳಿಗೆ ತಾಗದ ಒಳಗೋಡೆಯಾಗಿರಲಿ, ಪಕ್ಕದಲ್ಲಿ ಬಚ್ಚಲುಮನೆ ಬೇಡ, ಕೆಳಗೆ ಹೀಟರಿನ ಗಾಳಿಕಿಂಡಿ ಬೇಡ, ಮೇಲೆ ನೀರಿನ ಪೈಪ್ ಬೇಡ. ನೆಲದಿಂದ ಒಂದು ಗೇಣಾದರೂ ಎತ್ತರದ ಹಲಗೆ. ಮನುಷ್ಯರು ಹಿತವಾಗಿ ಮಲಗುವ ಕೋಣೆಯಲ್ಲಿ ಕಾಗದವೂ ಹೆಚ್ಚುಕಡಿಮೆ ಹಿತವಾಗಿರುತ್ತದೆ. ಬಾಗಿಲು ಮುಚ್ಚಿದರೆ ಕತ್ತಲು, ಅದೂ ಬೇಕಾದದ್ದೇ: ಬಿಸಿಲಿನ ಅತಿನೇರಳೆ ಕಿರಣಕ್ಕೆ ಅಚ್ಚಿನ ಬಣ್ಣಗಳಲ್ಲಿ ಕೆಂಪು ಬೇಗ ಮಾಸುತ್ತದೆ. ಹಾಲ್‌ನಲ್ಲಿ ಪ್ರದರ್ಶನಕ್ಕಿಡುವ ಆಸೆಯಿದ್ದರೆ 1987ರ ಟಾಪ್ಸ್ ಪ್ಯಾಕ್ ಒಂದನ್ನು ಇಡಿ, ಫ್ಲೀರ್ ಬೇಡ.

ಬ್ಯಾಂಕ್ ಲಾಕರ್ ಕೇಳಿದ್ದೀರಿ. ಕಳ್ಳತನದ ಮಟ್ಟಿಗೆ ಒಳ್ಳೆಯದು. ಆದರೆ ಲಾಕರ್ ಕೋಣೆಯ ತೇವಾಂಶ ನಿಮ್ಮ ಕೈಯಲ್ಲಿಲ್ಲ, ಒಳಗಿನ ವಸ್ತುವಿಗೆ ಠೇವಣಿಗಿರುವ ಎಫ್‌ಡಿಐಸಿ ವಿಮೆಯೂ ಅನ್ವಯಿಸುವುದಿಲ್ಲ. ಅಲ್ಲೇ ಇಡುವುದಾದರೆ ಮುಚ್ಚಿದ ಡಬ್ಬಿಯೊಳಗೆ ತೇವಾಂಶದ ಪೊಟ್ಟಣ (ಅದೇನೆಂದು ಮುಂದೆ ಹೇಳುತ್ತೇನೆ) ಹಾಕಿ, ವರ್ಷಕ್ಕೆರಡು ಸಲ ಹೋಗಿ ನೋಡಿ. ಮನೆಯಲ್ಲಿ ಇಡುವ ಅಗ್ನಿನಿರೋಧಕ ತಿಜೋರಿಯ ಬಗ್ಗೆ ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ದಾಖಲೆ ಪತ್ರಗಳಿಗೆಂದು ಮಾಡಿದ ತಿಜೋರಿಯ ಭರವಸೆ ಏನೆಂದರೆ, ಹೊರಗೆ ಬೆಂಕಿ ಇದ್ದಾಗ ಒಳಗಿನ ಬಿಸಿ 177 ಡಿಗ್ರಿ ಸೆಲ್ಸಿಯಸ್ ದಾಟದು ಎಂದು. ಅಷ್ಟರಲ್ಲಿ ಆಸ್ತಿಪತ್ರ ಉಳಿಯುತ್ತದೆ, ಮೇಣದ ಸೀಲ್ ಉಳಿಯುವುದಿಲ್ಲ. ಮೇಲಾಗಿ ಅದರ ಗೋಡೆಯೊಳಗೆ ತುಂಬಿರುವ ಪದಾರ್ಥದಲ್ಲಿ ನೀರಿನಂಶ ಇರುತ್ತದೆ, ಬಾಗಿಲು ಮುಚ್ಚಿಟ್ಟರೆ ಒಳಗಿನ ಗಾಳಿಗೆ ತೇವ ಏರುತ್ತದೆ. ಪ್ಯಾಕ್‌ಗಳಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಇನ್ನು ಸಿಲಿಕಾ ಜೆಲ್. ಹಿಡಿ ತುಂಬ ಜೆಲ್ ಹಾಕಿ ಮುಚ್ಚಳ ಬಿಗಿದರೆ ಒಳಗಿನ ಗಾಳಿ ವಿಪರೀತ ಒಣಗುತ್ತದೆ. ಆಗ ಕಾಗದ ಪೆಡಸಾಗುತ್ತದೆ, 1981ರ ಪ್ಯಾಕಿನ ಪಾರದರ್ಶಕ ಹಾಳೆ ಬಿರುಕು ಬಿಡುತ್ತದೆ. ಹಳೆಯ ಸೆಲ್ಲೋಫೇನ್ ಮರದ ತಿರುಳಿನಿಂದ ಮಾಡಿದ್ದು, ಸ್ವಲ್ಪ ತೇವ ಇದ್ದರೇ ಅದಕ್ಕೆ ಮೃದುತನ. ಜೆಲ್ಲಿನ ಬದಲು ಎರಡೂ ಕಡೆ ಕೆಲಸ ಮಾಡುವ ತೇವಾಂಶದ ಪೊಟ್ಟಣ ಕೊಳ್ಳಿ: ಗಾಳಿ ಒಣಗಿದಾಗ ತೇವ ಬಿಡುತ್ತದೆ, ಹೆಚ್ಚಾದಾಗ ಹೀರುತ್ತದೆ. ಗಿಟಾರು, ಪಿಟೀಲು ಇಡುವವರು ಬಳಸುವ ಶೇ 49ರದ್ದು ನಿಮಗೆ ಸಾಕು. ಅದು ಪ್ಯಾಕಿಗೆ ನೇರವಾಗಿ ತಾಗಬಾರದು. ಡಬ್ಬಿಯ ಮೂಲೆಯಲ್ಲಿ ತೂತಿರುವ ಚಿಕ್ಕ ಪೆಟ್ಟಿಗೆಯೊಳಗೆ ಇಡಿ. ಮುಟ್ಟಿ ನೋಡಿ, ಪೂರಾ ಗಟ್ಟಿಯಾಗಿದ್ದರೆ ಬದಲಿಸಿ.

ಇದೆಲ್ಲಕ್ಕೂ ಮೊದಲು ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಬೇಕು, ಅತಿ ಹೆಚ್ಚು ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಮೀಟರ್. ಅಗ್ಗದ ಮೀಟರ್ ಐದಾರು ಅಂಕ ತಪ್ಪು ಹೇಳುವುದುಂಟು. ಪರೀಕ್ಷಿಸುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಗಟ್ಟಿಯಾಗುವಂತೆ ನಾಲ್ಕು ಹನಿ ನೀರು ಬಿಡಿ, ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಿ. ಒಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕಪಾಟಿನಲ್ಲಿ ಖಾಲಿ ಮೀಟರನ್ನೇ ಎರಡು ವಾರ ಇಟ್ಟು ನೋಡಿ. ಕಪಾಟು ತಾನಾಗಿಯೇ ಶೇ 40–50ರ ನಡುವೆ ನಿಂತರೆ ನಿಮಗೆ ಪೊಟ್ಟಣವೂ ಬೇಕಿಲ್ಲ.

ಕವಚದ ವಿಚಾರಕ್ಕೆ ಬರುತ್ತೇನೆ. ಪೆಟ್ರೋಲಿಯಂ ವಾಸನೆ ಬರುವ ಮೆತ್ತನೆಯ ಪಿವಿಸಿ ಹಾಳೆ, ಹಳೆಯ ಆಲ್ಬಮ್ಮಿನ ಜೇಬು, ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರು, ಯಾವುದೂ ಬೇಡ. ಪಿವಿಸಿಯನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಹೊರಬಂದು ಮೇಣದ ಹಾಳೆಗೆ ಅಂಟುತ್ತದೆ, ಪ್ಲಾಸ್ಟಿಕ್ ಕೆಟ್ಟಂತೆಲ್ಲ ಆಮ್ಲದ ಆವಿಯನ್ನೂ ಬಿಡುತ್ತದೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್, ಅಕ್ರಿಲಿಕ್ ಈ ನಾಲ್ಕು ನಂಬಿಕೆಗೆ ಅರ್ಹ. ಬಿಡಿ ಪ್ಯಾಕ್‌ಗಳಿಗೆಂದೇ ಅಕ್ರಿಲಿಕ್ ಕವಚಗಳು ಸಿಗುತ್ತವೆ. ಕೊಳ್ಳುವಾಗ ಒಳಗಿನ ಆಳ ನೋಡಿ. ಪ್ಯಾಕ್ ಅಲುಗಾಡಬಾರದು, ಹಾಗೆಂದು ಮುಚ್ಚಳ ಬೆನ್ನಿನ ಮಡಿಕೆಯನ್ನು ಒತ್ತಲೂಬಾರದು. ಚೀಲದಂಥ ಕವರಿಗೆ ಹಾಕುವುದಾದರೆ ಬಾಯಿ ಅಗಲವಾಗಿರಲಿ. ಮಡಿಕೆಯ ತುದಿ ಕವರಿನ ಅಂಚಿಗೆ ಸಿಕ್ಕಿ ಎದ್ದು ಹಾಳಾದ ಪ್ಯಾಕ್‌ಗಳು ಬೇಕಾದಷ್ಟಿವೆ. ಆಮೇಲೆ ಎಲ್ಲವನ್ನೂ ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ, ಒಂದರ ಮೇಲೊಂದು ಹೇರದೆ. ಇಡೀ ಡಬ್ಬಿಗಳಲ್ಲಿ ಪ್ಯಾಕ್‌ಗಳು ಕಾರ್ಖಾನೆಯಲ್ಲಿ ಜೋಡಿಸಿದ ಹಾಗೇ ಇರಲಿ, ತೆಗೆದು ಎಣಿಸುವುದು ಬೇಡ; ಅಗ್ಗದ 1987ರ ಡಬ್ಬಿಯಿಂದ ಮಾತ್ರ ಬೇಕಿದ್ದರೆ ಕೆಲವನ್ನು ತೆಗೆಯಬಹುದು.

ಅಪ್ಪರ್ ಡೆಕ್ ಡಬ್ಬಿಗೆ ಬೇರೆಯೇ ಕಾಯಿಲೆ. 1989ರಲ್ಲಿ ಆ ಕಂಪನಿ ಬಿಚ್ಚಿ ಮುಚ್ಚಲು ಕಷ್ಟವಾದ ಫಾಯಿಲ್ ಹೊದಿಕೆ ತಂದಿತು, ಗಮ್ ಇಡಲಿಲ್ಲ, ಕಾರ್ಡಿಗೆ ನುಣುಪು ಹೊಳಪು ಕೊಟ್ಟಿತು. ತೇವ ಮತ್ತು ಒತ್ತಡಕ್ಕೆ ಸಿಕ್ಕರೆ ಆ ಹೊಳಪಿನ ಕಾರ್ಡುಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ, ಬಿಡಿಸಲು ಹೋದರೆ ಮುಖ ಕಿತ್ತು ಬರುತ್ತದೆ. ಪ್ಯಾಕ್ ಒಡೆಯದೆ ಅಂಟಿವೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ, ಬಗ್ಗಿಸಿ ನೋಡಲು ಹೋಗಬೇಡಿ. ಇನ್ನು ಮುಂದೆ ತೇವ ಏರದಂತೆ, ಮೇಲೆ ಭಾರ ಬೀಳದಂತೆ ಇಡುವುದಷ್ಟೇ ಉಳಿದಿರುವ ಉಪಾಯ.

ಮನೆಮದ್ದುಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ನುಸಿಗುಳಿಗೆ ಹಾಕಬೇಡಿ. ನಮ್ಮ ಕಡೆ ಸೀರೆಯ ಬೀರುವಿಗೆ ಹಾಕಿ ಅಭ್ಯಾಸ, ಆದರೆ ನ್ಯಾಫ್ತಲೀನಿನ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಅದರ ವಾಸನೆ ಕಾಗದವನ್ನು ಬಿಡುವುದಿಲ್ಲ. ಅಡುಗೆಮನೆಯ ವ್ಯಾಕ್ಯೂಮ್ ಯಂತ್ರದಲ್ಲಿ ಸೀಲ್ ಮಾಡಿದರೆ ಗಮ್ ಪುಡಿ, ಮೂಲೆಗಳು ಜಜ್ಜಿಹೋಗುತ್ತವೆ. ಫ್ರಿಜ್ ಬೇಡ: ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕೂರುತ್ತದೆ. ಎದ್ದ ಮೂಲೆಗೆ ಅಂಟು ಹಚ್ಚುವುದು, ಇಸ್ತ್ರಿ ತಾಗಿಸುವುದು, ಹೇರ್ ಡ್ರೈಯರ್ ಹಿಡಿಯುವುದು, ಈ ಮೂರರಲ್ಲಿ ಯಾವುದನ್ನು ಮಾಡಿದರೂ ಅಸಲಿ ಪ್ಯಾಕ್ ಪರೀಕ್ಷಕರ ಕಣ್ಣಿಗೆ ನಕಲಿಯಾಗುತ್ತದೆ. ಅಂಗಡಿಯ ಬೆಲೆಚೀಟಿ ಅಂಟಿದ್ದರೆ ಅದೂ ಅಲ್ಲೇ ಇರಲಿ. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಎಳೆಯದೆ ಕತ್ತರಿಸಿ ತೆಗೆಯಿರಿ.

ಈಗ ನಂಬಿಕೆಯ ವಿಚಾರ. ನನ್ನ ಲೆಕ್ಕದಲ್ಲಿ ಇದು ಕಪಾಟಿನಷ್ಟೇ ಮುಖ್ಯ. 2022ರ ಜನವರಿಯಲ್ಲಿ ಯೂಟ್ಯೂಬಿನ ಲೋಗನ್ ಪಾಲ್, 35 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ ಪೆಟ್ಟಿಗೆಯನ್ನು ಒಡೆದು ನೋಡಿದರು. ಪೋಕೆಮಾನ್ ಮೊದಲ ಆವೃತ್ತಿಯ ಡಬ್ಬಿಗಳೆಂದು ಪರೀಕ್ಷೆಯನ್ನೂ ದಾಟಿ ಬಂದಿದ್ದ ಪೆಟ್ಟಿಗೆಯಲ್ಲಿ ಇದ್ದದ್ದು ಜಿ.ಐ. ಜೋ ಎಂಬ ಆಟಿಕೆ ಸರಣಿಯ ಕಾರ್ಡುಗಳು. ಇದಕ್ಕೆ ಎದುರಾದ ಉದಾಹರಣೆ ಕೆನಡಾದ್ದು. ಸಸ್ಕ್ಯಾಚವಾನ್ ಪ್ರಾಂತ್ಯದ ರಿಜೈನಾ ನಗರದ ಮನೆಯೊಂದರಲ್ಲಿ 1979ರ ಓ-ಪೀ-ಚೀ ಕಂಪನಿಯ ಐಸ್ ಹಾಕಿ ಕಾರ್ಡಿನ ಸೀಲ್ ಒಡೆಯದ ಪೆಟ್ಟಿಗೆ ಸಿಕ್ಕಿತು: 16 ಡಬ್ಬಿ, ಡಬ್ಬಿಗೆ 48 ಪ್ಯಾಕ್, ಪ್ಯಾಕಿಗೆ 14 ಕಾರ್ಡ್. ಐಸ್ ಹಾಕಿಯ ದಿಗ್ಗಜ ವೇನ್ ಗ್ರೆಟ್ಸ್ಕಿಯ ರೂಕಿ ಕಾರ್ಡ್ ಇರುವ ವರ್ಷ ಅದು. 2024ರ ಫೆಬ್ರುವರಿಯಲ್ಲಿ ಹೆರಿಟೇಜ್ ಹರಾಜಿನಲ್ಲಿ ಅದು 37 ಲಕ್ಷ ಡಾಲರ್ ದಾಟಿತು. ಒಳಗಿನ ಒಂದು ಕಾರ್ಡನ್ನೂ ಯಾರೂ ನೋಡಿರಲಿಲ್ಲ. ಪೆಟ್ಟಿಗೆ ಎಲ್ಲಿಂದ ಬಂತು, ಯಾರ ಮನೆಯಲ್ಲಿ ಇತ್ತು ಎಂಬುದು ತಿಳಿದಿತ್ತು.

ನಿಮ್ಮಲ್ಲೂ ಅಂಥ ಕಥೆ ಇದೆ, ಅದನ್ನು ಬರೆದಿಡಿ. ಯಾವ ಅಂಗಡಿಯಲ್ಲಿ, ಯಾವ ವರ್ಷ ಕೊಂಡದ್ದು, ಯಾವಾಗ ಬೇಸ್‌ಮೆಂಟಿಗೆ ಹೋಯಿತು, ಯಾವ ದಿನ ಹೊರಬಂತು. ಸಿಕ್ಕಾಗ ಪೆಟ್ಟಿಗೆ ಹೇಗಿತ್ತೋ ಹಾಗೇ ಒಂದು ಫೋಟೋ ತೆಗೆಯಿರಿ. ಆಮೇಲೆ ಪ್ರತಿ ಬಿಡಿ ಪ್ಯಾಕಿನ ಮುಂಭಾಗ, ಬೆನ್ನು, ಎರಡೂ ತುದಿ, ಪಕ್ಕದ ಬೆಳಕಿನಲ್ಲಿ ಸೀಲ್. ಮಗ ಚಿಕ್ಕವನಿದ್ದಾಗ ಕಾರ್ಡ್ ಹಿಡಿದು ತೆಗೆಸಿಕೊಂಡ ಫೋಟೋ ಹಳೆಯ ಆಲ್ಬಮ್ಮಿನಲ್ಲಿ ಇದ್ದರೆ ಅದನ್ನೂ ಜೊತೆಗಿಡಿ. ಮಗನಿಂದಲೂ ಒಂದು ಪುಟ ಬರೆಸಿ ಸಹಿ ಹಾಕಿಸಿ, ಅವನ ನೆನಪು ನಿಮ್ಮದಕ್ಕಿಂತ ಖಚಿತವಾಗಿರುವ ವಿಷಯಗಳು ಇರುತ್ತವೆ.

ಗ್ರೇಡಿಂಗ್ ಬೇಕೇ ಎಂಬುದಕ್ಕೆ ಉತ್ತರ ಪ್ಯಾಕಿಗೊಂದು ಥರ. ಮೂರು ಫ್ಲೀರ್‌ಗೆ ಬೇಕು. ಬಿಚ್ಚಿ ಜೋರ್ಡಾನ್ ಕಾರ್ಡ್ ತೆಗೆದು ಮತ್ತೆ ಮುಚ್ಚಿ ಮಾರುವ ಮೋಸ ಆ ವರ್ಷದ ಪ್ಯಾಕಿನಲ್ಲಿ ಬಹಳ. ಹಾಗಾಗಿ ಪರೀಕ್ಷೆಯಾಗದ ಪ್ಯಾಕನ್ನು ತಿಳಿದವರು ಮುಟ್ಟುವುದಿಲ್ಲ. ಪಿಎಸ್‌ಎ ಸಂಸ್ಥೆ ಪ್ಯಾಕ್‌ಗಳನ್ನು ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ (ಇದಕ್ಕೆ ಸ್ಲ್ಯಾಬ್ ಎನ್ನುತ್ತಾರೆ) ಮುಚ್ಚಿ ಕೊಡುತ್ತ ಬಂದಿದೆ. ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಎಂಬ ಇನ್ನೊಂದು ಸಂಸ್ಥೆ ಒಡೆಯದ ಡಬ್ಬಿಗಳನ್ನು ನೋಡಿ ತನ್ನ ಗುರುತಿನ ಹೊದಿಕೆ ಹಾಕುತ್ತದೆ. ಕಳಿಸುವ ಮುನ್ನ ಈಗ ಯಾವ ಯಾವ ಪ್ಯಾಕ್ ಸ್ವೀಕರಿಸುತ್ತಾರೆ, ಶುಲ್ಕ ಎಷ್ಟು ಎಂದು ಅವರನ್ನೇ ಕೇಳಿ. ಸಾಧ್ಯವಾದರೆ ದೊಡ್ಡ ಕಾರ್ಡ್ ಮೇಳದಲ್ಲಿ ಕೈಯಾರೆ ಒಪ್ಪಿಸಿ. ಬೇಸಿಗೆಯ ಅಂಚೆ ಟ್ರಕ್ಕಿನ ಬಿಸಿಯಿಂದ ಅಷ್ಟು ಉಳಿಯಿತು. ಕಳಿಸಲೇಬೇಕಾದರೆ ಅಕ್ಟೋಬರಿನಲ್ಲಿ ಕಳಿಸಿ. 1987ರ ಡಬ್ಬಿಗೆ ಈ ಖರ್ಚು ದಂಡ. ಸ್ಲ್ಯಾಬ್ ಮಾಡಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಆ ಕವಚ ಗಾಳಿಯಾಡದಂತೆ ಮಾಡಿದ್ದಲ್ಲ, ತೇವ ಒಳಹೋಗುತ್ತದೆ. ಸ್ಲ್ಯಾಬನ್ನೂ ಅದೇ ಕಪಾಟಿನಲ್ಲಿ, ಅದೇ ಶೇ 45ರ ಗಾಳಿಯಲ್ಲಿ ಇಡಬೇಕು.

ವಿಮೆಯ ಬಗ್ಗೆ ಇಷ್ಟೇ: ಸಾಮಾನ್ಯ ಮನೆ ವಿಮೆಯಲ್ಲಿ ಸಂಗ್ರಹದ ವಸ್ತುಗಳಿಗೆ ಮಿತಿ ಇರುತ್ತದೆ, ಅಮೆರಿಕದಲ್ಲಿ ನೆರೆಯ ನೀರಿನ ನಷ್ಟ ಅದರಲ್ಲಿ ಸೇರುವುದಿಲ್ಲ. ಗ್ರೇಡ್ ಆದ ಮೇಲೆ ಸಂಗ್ರಹ ವಸ್ತುಗಳಿಗೆಂದೇ ಇರುವ ಪಾಲಿಸಿ ಮಾಡಿಸಿ.

ಮನೆ ಬದಲಿಸುವ ದಿನ ಈ ಪೆಟ್ಟಿಗೆ ಸಾಮಾನು ಸಾಗಿಸುವವರ ಲಾರಿಗೆ ಹೋಗಬಾರದು. ನಿಮ್ಮ ಕಾರಿನ ಒಳಗೆ, ಎಸಿ ಹಾಕಿ, ಕಾಲ ಬುಡದಲ್ಲಿ. ದಾರಿಯಲ್ಲಿ ಊಟಕ್ಕೆ ಇಳಿದರೆ ಅದೂ ನಿಮ್ಮೊಂದಿಗೆ ಇಳಿಯಲಿ.

ಉಡುಪಿಗೆ ಒಯ್ಯುವುದಕ್ಕೆ ನನ್ನ ಉತ್ತರ ಬೇಡ. ಕರಾವಳಿಯ ಮಳೆಗಾಲ ನಿಮಗೆ ನಾನು ಹೇಳಬೇಕಾದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇ 80–90, ಚರ್ಮದ ಚಪ್ಪಲಿಗೂ ಬೂಷ್ಟು ಬರುವ ಕಾಲ; ಕಾಗದಕ್ಕೆ ಬೂಷ್ಟು ಹಿಡಿಯಲು ಶೇ 65–70 ದಾಟಿದರೆ ಸಾಕು. ಎಸಿ ಹಾಕಿದ ಕೋಣೆಯಲ್ಲೂ ಕರೆಂಟ್ ಹೋದಾಗಲೆಲ್ಲ ಏರಿಳಿತ ಶುರು. ನೀವು ಉಡುಪಿಯಲ್ಲಿರುವ ಆರು ತಿಂಗಳು ಪ್ಯಾಕ್‌ಗಳು ಮಗನ ಮನೆಯ ಕಪಾಟಿನಲ್ಲಿ ಇರಲಿ, ಹೇಗೂ ಅವು ಅವನವೇ. ಕೊಲಂಬಸ್ ಮನೆಯಲ್ಲೇ ಬಿಟ್ಟು ಹೊರಡುವುದಾದರೆ ಎಸಿಯನ್ನೂ ಹೀಟರನ್ನೂ ಪೂರ್ತಿ ಆರಿಸಬೇಡಿ. ಖಾಲಿ ಮನೆಯ ಖರ್ಚು ಉಳಿಸಲು ಹೋಗಿ ಇಡೀ ಪೆಟ್ಟಿಗೆ ಹಾಳಾಗುತ್ತದೆ.

ಊರಲ್ಲಿ ಮೊಮ್ಮಕ್ಕಳಿಗೆ ತೋರಿಸುವ ಆಸೆಗೆ 1987ರ ಟಾಪ್ಸ್ ಪ್ಯಾಕ್ ನಾಲ್ಕಾರು ಒಯ್ಯಿರಿ. ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮಾನ ನಿಲ್ದಾಣದಲ್ಲಿ ತೆರೆಯದೆಯೇ ತೋರಿಸಬಹುದು, ಎಕ್ಸ್‌ರೇ ಕಾಗದಕ್ಕೆ ಏನೂ ಮಾಡದು. ಮನೆ ಮುಟ್ಟಿದ ಮೇಲೆ ಡಬ್ಬಿಯ ಮುಚ್ಚಳ ಒಂದು ದಿನ ತೆಗೆಯಬೇಡಿ, ತಣ್ಣಗಿನ ಪ್ಯಾಕಿನ ಮೇಲೆ ಕರಾವಳಿಯ ಗಾಳಿ ನೀರಾಗಿ ಕೂರುತ್ತದೆ. ಆಮೇಲೆ ಬೇಕಿದ್ದರೆ ಅವನ್ನು ಮಕ್ಕಳ ಕೈಯಲ್ಲೇ ಒಡೆಸಿ, ಗಮ್ ತುಂಡನ್ನು ಮಾತ್ರ ಮೊದಲೇ ತೆಗೆದು ಎಸೆಯಿರಿ.